ಅರವತ್ತು ದಿನಗಳ ಸರದಿ

ಅಮೆರಿಕದ ಸೇನೆಯಲ್ಲಿ ಪೂರ್ಣಾವಧಿ ದುಡಿದು ನಿವೃತ್ತರಾದವರಿಗೆ ಪಿಂಚಣಿಯ ಜೊತೆಗೆ ಇನ್ನೊಂದು ಸವಲತ್ತೂ ಇದೆ. ಸೇನೆಯ ವಿಮಾನ ತನ್ನ ಕೆಲಸದ ಮೇಲೆ ಎಲ್ಲಿಗೋ ಹೊರಟಿದ್ದು, ಅದರಲ್ಲಿ ಸೀಟು ಉಳಿದಿದ್ದರೆ ಅವರು ಹತ್ತಿಕೊಂಡು ಹೋಗಬಹುದು. ಟಿಕೆಟ್ ದುಡ್ಡು ಕೊಡಬೇಕಿಲ್ಲ, ಆದರೆ ಸೀಟು ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ. ಈ ವ್ಯವಸ್ಥೆಗೆ ‘ಸ್ಪೇಸ್-ಎ’ ಎಂದು ಹೆಸರು. ಹಳಬರ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಹಾಪ್’. ಹೀಗೆ ಹಾಪ್ ಹಿಡಿದು ಸ್ಪೇನ್ ದೇಶಕ್ಕೆ ಬಂದಿಳಿದು, ಅಲ್ಲಿಂದ ಸಾಂತಿಯಾಗೊ ದೆ ಕೊಂಪೊಸ್ತೆಲಾದವರೆಗೆ ‘ಕಮಿನೊ’ ಎಂಬ ಯಾತ್ರಾದಾರಿಯಲ್ಲಿ ವಾರಗಟ್ಟಲೆ ನಡೆದುಹೋಗುವ ನಿವೃತ್ತ ಯೋಧರಿದ್ದಾರೆ. ಸರಕು ವಿಮಾನಕ್ಕೂ ಅಲ್ಲಿನ ಸಂತ ಯಾಕೋಬನ ಸಮಾಧಿಗೂ ನಂಟು ಬೆಸೆದುಕೊಂಡ ಬಗೆಯನ್ನು ಈ ಅಧ್ಯಾಯದಲ್ಲಿ ನೋಡೋಣ.

ಮೊದಲು ಸೀಟು ಖಾಲಿ ಉಳಿಯುವುದು ಏಕೆಂಬುದನ್ನು ತಿಳಿಯಬೇಕು. ಅಮೆರಿಕದ ವಾಯುಪಡೆಯಲ್ಲಿ ಏರ್ ಮೊಬಿಲಿಟಿ ಕಮಾಂಡ್ ಎಂಬ ವಿಭಾಗವಿದೆ. ಇಲಿನಾಯ್ ರಾಜ್ಯದ ಸ್ಕಾಟ್ ವಾಯುನೆಲೆ ಅದರ ಕೇಂದ್ರ. ಜಗತ್ತಿನಾದ್ಯಂತ ಹರಡಿರುವ ಸೇನಾ ನೆಲೆಗಳಿಗೆ ಬಿಡಿಭಾಗ, ಔಷಧ, ವಾಹನ, ಆಳುಗಳನ್ನು ಸಾಗಿಸುವುದು ಅದರ ಹೊಣೆ. ಸಿ-5 ಗ್ಯಾಲಕ್ಸಿ ಎಂಬ ದೈತ್ಯ ವಿಮಾನದ ಹೊಟ್ಟೆಯಲ್ಲಿ ಸರಕು ತುಂಬಿದರೆ, ಹಿಂಬದಿಯ ಅಟ್ಟದಂಥ ಜಾಗದಲ್ಲಿ 70ಕ್ಕೂ ಹೆಚ್ಚು ಸೀಟುಗಳಿರುತ್ತವೆ, ಎಲ್ಲವೂ ವಿಮಾನದ ಬಾಲದ ಕಡೆಗೆ ಮುಖಮಾಡಿ. ಸಿ-17ರಲ್ಲಿ ಎರಡೂ ಪಕ್ಕದ ಗೋಡೆಗಳಿಗೆ ಸೇರಿಸಿ 54 ಮಡಚು ಸೀಟುಗಳಿವೆ. ಕರ್ತವ್ಯದ ಮೇಲೆ ಹೋಗುವವರು ಕೂತ ಮೇಲೂ ಎಷ್ಟೋ ಸಲ ಹತ್ತಾರು ಸೀಟು ಉಳಿಯುತ್ತದೆ. ಹೇಗಿದ್ದರೂ ಹಾರಲೇಬೇಕಾದ ವಿಮಾನದಲ್ಲಿ ನಾಲ್ಕು ಜನ ಹೆಚ್ಚಿಗೆ ಕೂತರೆ ಸರ್ಕಾರಕ್ಕೆ ಹೊರೆಯೇನೂ ಅಲ್ಲ ಎಂಬುದೇ ಈ ಸವಲತ್ತಿನ ತಳಹದಿ. ಸವಲತ್ತಿನವರಿಗೆಂದೇ ವಿಮಾನ ಹಾರಿಸುವಂತಿಲ್ಲ. ಅವರು ಕಾಯುತ್ತಿದ್ದಾರೆಂದು ಹೊರಡುವ ವೇಳೆ ಬದಲಿಸುವಂತೆಯೂ ಇಲ್ಲ.

ಸರದಿಯ ಲೆಕ್ಕಾಚಾರವೇ ಇಡೀ ವ್ಯವಸ್ಥೆಯ ಜೀವಾಳ. ಪ್ರಯಾಣಿಕರನ್ನು ಆರು ವರ್ಗಗಳಾಗಿ ವಿಂಗಡಿಸಿದ್ದಾರೆ. ಮನೆಯಲ್ಲಿ ಸಾವು, ಅಪಾಯದ ಕಾಯಿಲೆ ಎಂದು ತುರ್ತು ರಜೆಯ ಮೇಲೆ ಹೊರಟ ಯೋಧರಿಗೆ ಮೊದಲ ಸ್ಥಾನ. ಮಾಮೂಲಿ ರಜೆಯವರು ಮೂರನೆಯ ವರ್ಗ. ನಿವೃತ್ತರದ್ದು ಆರನೆಯದು, ಅಂದರೆ ಕಟ್ಟಕಡೆಯದು. ಒಂದೇ ವರ್ಗದೊಳಗೆ ಯಾರು ಮೊದಲು ಹೆಸರು ಬರೆಸಿದರೋ ಅವರೇ ಮುಂದೆ. ಇಲ್ಲಿ ಹುದ್ದೆಯ ಗತ್ತು ನಡೆಯುವುದಿಲ್ಲ. ನಿವೃತ್ತ ಕರ್ನಲ್ ಒಬ್ಬರು ಮಂಗಳವಾರ ಹೆಸರು ಕೊಟ್ಟು, ಅವರ ಕೈಕೆಳಗೆ ದುಡಿದಿದ್ದ ಸಾರ್ಜೆಂಟ್ ಸೋಮವಾರವೇ ಕೊಟ್ಟಿದ್ದರೆ, ಸೀಟು ಸಾರ್ಜೆಂಟ್‌ಗೆ. ಮೇಲುಕೀಳಿನ ಮೇಲೆಯೇ ನಿಂತ ಸಂಸ್ಥೆಯೊಂದು ತನ್ನ ಖಾಲಿ ಸೀಟುಗಳ ಮಟ್ಟಿಗೆ ಇಷ್ಟು ಸಮಾನತೆ ಇಟ್ಟುಕೊಂಡಿರುವುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ಆದರೆ ಇದೇ ಆರನೆಯ ವರ್ಗದಲ್ಲಿ ಒಂದು ನೋವಿನ ಗೆರೆಯೂ ಇದೆ. ಸೇವೆಯಲ್ಲಿ ಗಾಯಗೊಂಡು ಶಾಶ್ವತವಾಗಿ, ಸಂಪೂರ್ಣವಾಗಿ ಅಂಗವಿಕಲರೆಂದು ದಾಖಲಾದ ಮಾಜಿ ಸೈನಿಕರಿಗೆ 2018ರ ಆಗಸ್ಟ್‌ನಲ್ಲಿ ಸಹಿಯಾದ ಕಾಯ್ದೆಯೊಂದು ಈ ಸವಲತ್ತನ್ನು ವಿಸ್ತರಿಸಿತು. ಅವರು ಅಮೆರಿಕದ ಒಳಗೆ ಹಾರಬಹುದು. ಅಲಾಸ್ಕಾ, ಹವಾಯಿ, ಪೋರ್ಟೊ ರಿಕೊ, ಗುವಾಮ್‌ನಂಥ ಅಮೆರಿಕದ್ದೇ ನೆಲಗಳಿಗೂ ಹೋಗಬಹುದು. ಸ್ಪೇನ್, ಜರ್ಮನಿಗಳಿಗೆ ಮಾತ್ರ ಬಿಡುವುದಿಲ್ಲ. ಯುದ್ಧದ ನೆನಪು ಹೊತ್ತು ನಿದ್ದೆಗೆಟ್ಟವರು ದಿನವಿಡೀ ನಡೆಯಲೆಂದು ಕಮಿನೊ ದಾರಿಗೆ ಬರುವುದುಂಟು. ಆ ದಾರಿಯ ಅಗತ್ಯ ಹೆಚ್ಚಿರುವವರಿಗೇ ಈ ಬಾಗಿಲು ಮುಚ್ಚಿರುವುದು ಸರಿಯಲ್ಲ. ಸೀಟು ಹೇಗೂ ಖಾಲಿ ಹೋಗುವಂಥದ್ದು.

ಈಗ ವಿಮಾನ ನಿಲ್ದಾಣದ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಡೆಲವೇರ್ ರಾಜ್ಯದ ಡೋವರ್, ನ್ಯೂಜೆರ್ಸಿಯ ಮೆಕ್‌ಗ್ವೈರ್, ವರ್ಜೀನಿಯಾದ ನಾರ್ಫೋಕ್ ಇವು ಯುರೋಪಿನ ಕಡೆಗೆ ಹೊರಡುವವರು ಕಣ್ಣಿಡುವ ನೆಲೆಗಳು. ಮುಂದಿನ 72 ಗಂಟೆಗಳ ಹಾರಾಟದ ಪಟ್ಟಿಯನ್ನು ನಿಲ್ದಾಣ ಪ್ರಕಟಿಸುತ್ತದೆ. ಊರಿನ ಹೆಸರಿನ ಮುಂದೆ ‘53 ಎಫ್’ ಎಂದಿದ್ದರೆ 53 ಸೀಟು ಖಚಿತ. ‘20 ಟಿ’ ಎಂದಿದ್ದರೆ 20 ಸಿಗಬಹುದು, ಸಿಗದೆಯೂ ಇರಬಹುದು. ಅಪಾಯಕಾರಿ ಸರಕು ಏರಿದರೆ ಪ್ರಯಾಣಿಕರಿಗೆ ಪ್ರವೇಶವೇ ಇಲ್ಲ, ತೂಕ ಹೆಚ್ಚಾದರೆ ಸೀಟಿಗೆ ಕತ್ತರಿ. ಬಂದವರು ಮೊದಲು ಕೌಂಟರಿನಲ್ಲಿ ‘ನಾನು ಹಾಜರ್’ ಎಂದು ಗುರುತು ಮಾಡಿಸಬೇಕು. ಆಮೇಲೆ ಹೊರಡುವುದಕ್ಕೆ ಎರಡು ಮೂರು ಗಂಟೆ ಮುಂಚೆ ಹಾಜರಿ ಕೂಗುತ್ತಾರೆ. ಗುಮಾಸ್ತರು ಸೀಟು ಎಷ್ಟೆಂದು ಹೇಳಿ, ವರ್ಗದ ಕ್ರಮದಲ್ಲಿ ಹೆಸರು ಓದುತ್ತ ಹೋಗುತ್ತಾರೆ. ಮಕ್ಕಳನ್ನು ಸೊಂಟಕ್ಕೇರಿಸಿಕೊಂಡ ರಜೆಯ ಯೋಧರ ಹೆಸರುಗಳು ಮುಗಿದು ಆರನೆಯ ವರ್ಗ ಶುರುವಾಗುವಷ್ಟರಲ್ಲಿ ಉಳಿದಿರುವುದು ಎಷ್ಟೋ. ಹೆಸರು ಕೂಗಿದಾಗ ಶೌಚಾಲಯದಲ್ಲಿದ್ದರೆ ಸರದಿ ಹೋಯಿತು. ಬ್ಯಾಗು, ಪಾಸ್‌ಪೋರ್ಟ್ ಎಲ್ಲ ಸಿದ್ಧವಿಟ್ಟುಕೊಂಡೇ ನಿಂತಿರಬೇಕು.

ತಲಾ 70 ಪೌಂಡಿನ, ಎಂದರೆ ಸುಮಾರು 32 ಕಿಲೋ ತೂಗುವ ಎರಡು ಗಂಟುಗಳನ್ನು ಒಯ್ಯಲು ಅನುಮತಿಯಿದೆ. ಏಳೆಂಟು ಕಿಲೋದ ಬೆನ್ನುಚೀಲ ಹೊತ್ತು ಬರುವ ಪಾದಯಾತ್ರಿಗೆ ಇದರ ಚಿಂತೆಯೇ ಇಲ್ಲ. ಬೆರಳು ಕಾಣುವ ಚಪ್ಪಲಿ ಹಾಕಿಕೊಂಡು ಸೇನಾ ವಿಮಾನ ಹತ್ತುವಂತಿಲ್ಲ. ನಡಿಗೆಯ ಬೂಟು ಕಾಲಲ್ಲೇ ಇರುವವರಿಗೆ ಅದೂ ತೊಡಕಲ್ಲ. ಒಳಗೆ ಎಂಜಿನ್ ಸದ್ದು ಜೋರು, ಆದ್ದರಿಂದ ಸಿಬ್ಬಂದಿ ಕಿವಿಗೆ ಇಟ್ಟುಕೊಳ್ಳಲು ಸ್ಪಂಜಿನ ಬಿರಟೆ ಹಂಚುತ್ತಾರೆ. ಸಿ-17ರಲ್ಲಿ ಕಾಲ ಬುಡದಿಂದ ಚಳಿ ಏರುತ್ತದೆ. ಬೆನ್ನುಚೀಲದಲ್ಲಿರುವ ಮಲಗುಚೀಲ ಕಮಿನೊ ಮುಟ್ಟುವ ಮೊದಲೇ ಅಟ್ಲಾಂಟಿಕ್ ಸಾಗರದ ಮೇಲೆ ಬಿಚ್ಚಿಕೊಳ್ಳುವುದು ಹೀಗೆ.

ಇಷ್ಟೆಲ್ಲ ಅನಿಶ್ಚಿತತೆ ಇಟ್ಟುಕೊಂಡು ಮದುವೆಗೋ ಹಡಗಿನ ವಿಹಾರಕ್ಕೋ ಹೊರಡುವುದು ಕಷ್ಟ. ಪಾದಯಾತ್ರೆಗೆ ಮಾತ್ರ ಇದು ಹೊಂದುತ್ತದೆ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೊರಡುವ ಭಕ್ತರಿಗೆ ತಲುಪಬೇಕಾದ ದಿನ ಮೊದಲೇ ಗೊತ್ತು. ಕಮಿನೊದಲ್ಲಿ ಅಂಥ ತಿಥಿಯ ಕಟ್ಟಿಲ್ಲ. ಸಂತ ಯಾಕೋಬನ ಹಬ್ಬ ಜುಲೈ 25ಕ್ಕೆ ಬಂದರೂ ಜನ ವರ್ಷವಿಡೀ ನಡೆಯುತ್ತಾರೆ. ದಾರಿಗೆ ಒಂದೇ ಆರಂಭವೂ ಇಲ್ಲ. ಎಲ್ಲಿ ಬಂದಿಳಿದರೋ ಅಲ್ಲಿಂದಲೇ ಹೆಜ್ಜೆ ಹಾಕಬಹುದು. ಮಧ್ಯಯುಗದ ಯಾತ್ರಿಗಳು ತಮ್ಮ ಮನೆಯ ಹೊಸ್ತಿಲಿನಿಂದಲೇ ಹೊರಡುತ್ತಿದ್ದರು. ಪಟ್ಟಣ ಪಂಚಾಯಿತಿಗಳು ನಡೆಸುವ ‘ಆಲ್ಬೆರ್ಗೆ’ ಎಂಬ ಯಾತ್ರಿನಿವಾಸಗಳಲ್ಲಿ ಬಹುಪಾಲು ಕಡೆ ಮುಂಗಡ ಕಾದಿರಿಸುವ ಪದ್ಧತಿ ಇಲ್ಲ. ಮಧ್ಯಾಹ್ನ ಬಾಗಿಲು ತೆರೆಯುವ ಮೊದಲು ಯಾತ್ರಿಗಳು ತಮ್ಮ ಬೆನ್ನುಚೀಲಗಳನ್ನು ಗೋಡೆಗುಂಟ ಸಾಲಾಗಿ ಇಟ್ಟು ನೆರಳಲ್ಲಿ ಕೂರುತ್ತಾರೆ. ಮೊದಲು ಬಂದ ಚೀಲಕ್ಕೆ ಮೊದಲ ಮಂಚ. ನಡೆದು ಬಂದವರಿಗೆ ಆದ್ಯತೆ, ಸೈಕಲ್ಲಿನವರು ಆಮೇಲೆ. ಕಾಯಿಲೆ ಬೀಳದ ಹೊರತು ಒಂದು ರಾತ್ರಿಗಿಂತ ಹೆಚ್ಚು ಉಳಿಯುವಂತಿಲ್ಲ. ವಿಮಾನ ಐದು ದಿನ ತಡವಾಗಿ ಸಿಕ್ಕವರು ಇಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ, ಏಕೆಂದರೆ ಅವರ ಹೆಸರಿನಲ್ಲಿ ಯಾವ ಮಂಚವೂ ಕಾಯುತ್ತಿರಲಿಲ್ಲ.

ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದಲ್ಲಿ ಅಪೊಸ್ತಲ ಯಾಕೋಬನ ಸಮಾಧಿ ಸಿಕ್ಕಿತೆಂಬ ಸುದ್ದಿಯಿಂದ ಈ ಯಾತ್ರೆ ಹುಟ್ಟಿತು. ಅಸ್ತೂರಿಯಾಸ್‌ನ ದೊರೆ ಎರಡನೆಯ ಅಲ್ಫೊನ್ಸೊ ಮೊದಲ ಯಾತ್ರಿಯೆಂದು ಪರಂಪರೆ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ದಾರಿ ಬಹುತೇಕ ಮರೆತುಹೋಗಿತ್ತು. ಅದನ್ನು ಎಬ್ಬಿಸಿದವರಲ್ಲಿ ಮುಖ್ಯರು ಓ ಸೆಬ್ರೈರೊ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲಿನ್ಯಾ. 1984ರಲ್ಲಿ ಅವರು ಹಳದಿ ಬಣ್ಣದ ಡಬ್ಬ ಹಿಡಿದು ಮರ, ಬಂಡೆ, ಗೋಡೆಗಳ ಮೇಲೆ ಬಾಣದ ಗುರುತು ಬರೆಯುತ್ತ ಹೋದರು. ಇಂದಿಗೂ ಯಾತ್ರಿ ನಂಬಿ ನಡೆಯುವುದು ಆ ಬಾಣವನ್ನೇ. 1986ರಲ್ಲಿ ಯಾತ್ರಾ ಪ್ರಮಾಣಪತ್ರ ಪಡೆದವರು ಸುಮಾರು 2,500 ಮಂದಿ. 2024ರಲ್ಲಿ ಆ ಸಂಖ್ಯೆ 5 ಲಕ್ಷದ ಹತ್ತಿರ ಬಂತು. ಆ ಪತ್ರಕ್ಕೆ ಕಡೆಯ 100 ಕಿ.ಮೀ. ನಡೆದಿದ್ದರೆ ಸಾಕು.

ಎಲ್ಲಕ್ಕಿಂತ ಹೆಸರಾದದ್ದು ಫ್ರಾನ್ಸಿನ ಸಾಂ-ಜಾಂ-ಪಿಯೆ-ದ-ಪೋರ್ ಊರಿನಿಂದ ಪಿರೆನೀಸ್ ಪರ್ವತ ದಾಟಿ ಬರುವ 780 ಕಿ.ಮೀ. ಉದ್ದದ ‘ಫ್ರೆಂಚ್ ದಾರಿ’. ಜರ್ಮನಿಯ ರಾಮ್‌ಸ್ಟೈನ್ ನೆಲೆಗೆ ಹಾಪ್ ಸಿಕ್ಕವರು ಪಕ್ಕದ ಕೈಸರ್ಸ್‌ಲೌಟರ್ನ್‌ನಲ್ಲಿ ರೈಲು ಹತ್ತಿ, ಪ್ಯಾರಿಸ್, ಬಯೋನ್ ಮೂಲಕ ಅಲ್ಲಿಗೆ ತಲುಪಬಹುದು. ರಾಮ್‌ಸ್ಟೈನ್‌ಗೆ ವಿಮಾನಗಳು ಹೆಚ್ಚು. ಬಾಲ್ಟಿಮೋರ್‌ನಿಂದ ಸೇನೆ ಬಾಡಿಗೆಗೆ ಹಿಡಿದ ನಾಗರಿಕ ವಿಮಾನವೂ ಬರುತ್ತದೆ. ಸುಲಭ ಬೇಕೆಂದರೆ ಇದೇ ದಾರಿ.

ಆದರೂ ನನ್ನ ಒಲವು ರೋಟಾದ ಕಡೆಗೆ. 1953ರಲ್ಲಿ ಅಮೆರಿಕ ಮತ್ತು ಫ್ರಾಂಕೊ ಆಡಳಿತದ ಸ್ಪೇನ್ ಮಾಡಿಕೊಂಡ ಒಪ್ಪಂದದಿಂದ ಕಾದಿಸ್ ಕೊಲ್ಲಿಯ ದಂಡೆಯಲ್ಲಿ ಎದ್ದ ನೌಕಾನೆಲೆ ಇದು. ನೆಲೆ ಸ್ಪೇನಿನದೇ, ಅಮೆರಿಕದವರು ಅದನ್ನು ಹಂಚಿಕೊಂಡಿದ್ದಾರೆ. ಅದರ ಗೇಟಿನ ಹೊರಗೆ ಮೀನುಗಾರರ ಊರು ರೋಟಾ. ಅಲ್ಲಿಂದ ಕೊಲ್ಲಿಯಾಚೆಯ ಕಾದಿಸ್‌ಗೆ ದೋಣಿ ಹೋಗುತ್ತದೆ. ಕಾದಿಸ್‌ನಿಂದ ಸೆವಿಲ್‌ವರೆಗೆ ರೋಮನ್ನರ ಕಾಲದ ಹೆದ್ದಾರಿಯ ಜಾಡಿನಲ್ಲಿ ವಿಯಾ ಅಗಸ್ಟಾ ಎಂಬ ಕಮಿನೊ ಇದೆ, ಸುಮಾರು 170 ಕಿ.ಮೀ. ಸೆವಿಲ್‌ನಿಂದ ಮುಂದಕ್ಕೆ ವಿಯಾ ದೆ ಲಾ ಪ್ಲಾತಾ, ಸಾವಿರ ಕಿ.ಮೀ. ಆಸುಪಾಸು. ಸೇನಾ ವಿಮಾನದಿಂದ ಇಳಿದವರು ಮತ್ತೊಂದು ದೇಶ ದಾಟದೆ, ದೂರದ ರೈಲು ಹತ್ತದೆ ಯಾತ್ರೆಗೆ ಕಾಲಿಡಬಹುದಾದ ಜಾಗ ಇದು.

ಪ್ಲಾತಾ ದಾರಿಯಲ್ಲಿ ಫ್ರೆಂಚ್ ದಾರಿಯ ಸಂದಣಿ ಇಲ್ಲ. ಸೆವಿಲ್ ದಾಟುತ್ತಲೇ ರೋಮ್ ಚಕ್ರವರ್ತಿ ಟ್ರೇಜನ್ ಹುಟ್ಟಿದ ಇಟಾಲಿಕಾದ ಅವಶೇಷಗಳು, ಮುಂದೆ ಮೆರಿದಾದ ರೋಮನ್ ರಂಗಮಂದಿರ, ಕಾಸೆರೆಸ್‌ನ ಕೋಟೆಕೇರಿ, 1218ರಲ್ಲಿ ವಿಶ್ವವಿದ್ಯಾಲಯ ಕಂಡ ಸಲಮಾಂಕಾ. ಕಾಪರ್ರಾ ಎಂಬಲ್ಲಿ ಜನವಸತಿಯಿಲ್ಲದ ಬಯಲಿನ ನಡುವೆ ನಾಲ್ಕು ಕಡೆ ತೆರೆದ ರೋಮನ್ ಕಮಾನೊಂದು ನಿಂತಿದೆ; ಯಾತ್ರಿ ಅದರ ಅಡಿಯಲ್ಲೇ ಹಾದುಹೋಗಬೇಕು. ಆ ಕಮಾನಿನ ಹಿಂದೆ ಮುಂದೆ ಸೇರಿ ಹೆಚ್ಚುಕಡಿಮೆ 38 ಕಿ.ಮೀ. ದಾರಿಯಲ್ಲಿ ಊರಿಲ್ಲ. ಬೆಳಗಿನ ಜಾವವೇ ಮೂರು ಲೀಟರ್ ನೀರು ಹೊತ್ತು ಹೊರಡಬೇಕು. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮೀರುವುದರಿಂದ ಆ ತಿಂಗಳುಗಳಲ್ಲಿ ಈ ಕಡೆ ಕಾಲಿಡಲೇಬಾರದು. ಅನುಕೂಲವೆಂದರೆ, ಹಾಪ್ ಹಿಡಿಯಲೂ ಅದೇ ಕೆಟ್ಟ ಕಾಲ. ಶಾಲೆಗಳಿಗೆ ರಜೆ, ಯೋಧರ ಕುಟುಂಬಗಳಿಗೆ ವರ್ಗಾವಣೆ, ಎಲ್ಲ ಸೇರಿ ಆರನೆಯ ವರ್ಗಕ್ಕೆ ಸೀಟು ಅಪರೂಪ. ಹಾಗಾಗಿ ಮಾರ್ಚ್ ಎರಡೂ ಕಡೆಯಿಂದ ಒಳ್ಳೆಯ ತಿಂಗಳು.

ಶೀರ್ಷಿಕೆಯಲ್ಲಿ ಹೇಳಿದ ಅರವತ್ತರ ಲೆಕ್ಕ ಬರುವುದು ಈಗ. ನಿವೃತ್ತರ ಹೆಸರು ಒಂದು ನಿಲ್ದಾಣದ ಪಟ್ಟಿಯಲ್ಲಿ 60 ದಿನ ಉಳಿಯುತ್ತದೆ. ದಿನ ಕಳೆದಂತೆ ಹೆಸರಿಗೆ ವಯಸ್ಸಾಗುತ್ತದೆ, ಸರದಿಯಲ್ಲಿ ಮೇಲೇರುತ್ತದೆ. 60 ದಾಟಿದರೆ ಅಳಿಸಿಹೋಗಿ ಮತ್ತೆ ಬುಡದಿಂದ ಶುರು. ಹೆಸರು ಕೊಡಲು ಖುದ್ದಾಗಿ ಹೋಗಬೇಕಿಲ್ಲ, ಮಿಂಚಂಚೆ ಸಾಕು. ಅನುಭವಿ ಯಾತ್ರಿಗಳು ರೋಟಾದಲ್ಲಿ ಇಳಿದ ದಿನವೇ ಅಲ್ಲಿನ ಮರುಪ್ರಯಾಣದ ಪಟ್ಟಿಗೂ ಹೆಸರು ಕೊಟ್ಟು ನಡೆಯಲು ಹೊರಡುತ್ತಾರೆ. ದಿನಕ್ಕೆ 25 ಕಿ.ಮೀ.ಯಂತೆ ಕಾದಿಸ್‌ನಿಂದ ಸಾಂತಿಯಾಗೊಗೆ ಸುಮಾರು 47 ದಿನ. ಅಲ್ಲಿಂದ ಮ್ಯಾಡ್ರಿಡ್ ಮೂಲಕ ರೈಲಿನಲ್ಲಿ ಕಾದಿಸ್‌ಗೆ ಮರಳಲು ಒಂದು ದಿನ ಸಾಕು. ಉಳಿದ ಹನ್ನೆರಡು ದಿನಗಳಲ್ಲಿ ಅವರ ಹೆಸರು ಆರನೆಯ ವರ್ಗದ ತುದಿಯಲ್ಲಿರುತ್ತದೆ, ಸೀಟು ಸಿಗುವ ಸಂಭವ ಹೆಚ್ಚು. ಇವರು ನಡೆಯುತ್ತಿರುವಾಗ ಇವರ ಪರವಾಗಿ ಹೆಸರು ಸರದಿಯಲ್ಲಿ ನಿಂತಿರುತ್ತದೆ. ಕಾಲಿಗೆ ಬೊಬ್ಬೆ ಎದ್ದು ಒಂದು ವಾರ ಎಲ್ಲಾದರೂ ಕೂರಬೇಕಾದರೂ ಈ ಲೆಕ್ಕದಲ್ಲಿ ಜಾಗವಿದೆ. ಎರಡು ವಾರವಾದರೆ ಇಲ್ಲ. ಸಂಗಾತಿಯನ್ನೂ ಕರೆತಂದಿದ್ದರೆ ಪಟ್ಟಿಯಲ್ಲಿ ಇಬ್ಬರಿಗೂ ಸೀಟು ಕೇಳಿರಬೇಕು. ನಿವೃತ್ತರ ಪತ್ನಿಗೋ ಪತಿಗೋ ಈ ವರ್ಗದಲ್ಲಿ ಒಬ್ಬರೇ ಹಾರುವ ಅವಕಾಶವಿಲ್ಲ.

ಇಷ್ಟಾದರೂ ಸೀಟು ಸಿಗದೆ ಹೋಗಬಹುದು. ಎಲ್ಲೋ ಯುದ್ಧವೋ ಭೂಕಂಪವೋ ಆದರೆ ವಿಮಾನಗಳೆಲ್ಲ ಆ ಕಡೆ ತಿರುಗುತ್ತವೆ. ಸಾಗರದ ನಡುವಿನ ಅಜೋರ್ಸ್ ದ್ವೀಪಗಳ ಲಾಜೆಸ್ ನೆಲೆಯಲ್ಲಿ ಇಂಧನಕ್ಕೆಂದು ಇಳಿದ ವಿಮಾನ ಕೆಟ್ಟು ದಿನಗಟ್ಟಲೆ ನಿಲ್ಲಬಹುದು. ಕರ್ತವ್ಯದ ಸರಕು ಬಂತೆಂದರೆ ನಡುದಾರಿಯಲ್ಲೇ ಇಳಿಸುವ ಅಧಿಕಾರವೂ ಸೇನೆಗಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಇಡೀ ಸವಲತ್ತೇ ನಿಂತುಹೋಯಿತು. ಹೀಗಾಗಿ ಮರಳುವ ನಾಗರಿಕ ವಿಮಾನದ ಟಿಕೆಟ್ಟಿಗೆ ಸಾಕಾಗುವಷ್ಟು ಹಣ ಕೈಯಲ್ಲಿಲ್ಲದವರು ಈ ದಾರಿಗೆ ಇಳಿಯಬಾರದು. ಈ ಸವಲತ್ತಿನಲ್ಲಿ ಉಳಿಯುವುದು ಹಣ, ಖರ್ಚಾಗುವುದು ದಿನ. ನಿವೃತ್ತರ ಬಳಿ ದಿನಗಳಿವೆ ಎಂಬ ಕಾರಣಕ್ಕಷ್ಟೇ ಈ ವಿನಿಮಯ ಅವರಿಗೆ ಲಾಭ.

ಇನ್ನೊಂದು ಎಚ್ಚರಿಕೆ ಪಾಸ್‌ಪೋರ್ಟಿನದು. ಸೇನಾ ನೆಲೆಯಲ್ಲಿ ಇಳಿದವರೂ ಸ್ಪೇನಿನ ಅಧಿಕಾರಿಗಳ ಮುಂದೆ ತಮ್ಮ ಪ್ರವೇಶವನ್ನು ದಾಖಲಿಸಿಕೊಳ್ಳಬೇಕು. ಯುರೋಪಿನ ಶೆಂಗೆನ್ ವಲಯದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಬಂದ ದಿನದ ದಾಖಲೆಯೇ ಇಲ್ಲದವರು ಕಡೆಗೆ ಸೀಟು ಸಿಗದೆ ಮ್ಯಾಡ್ರಿಡ್‌ನಲ್ಲಿ ನಾಗರಿಕ ವಿಮಾನ ಹತ್ತಲು ಹೋದಾಗ ತೊಂದರೆಗೆ ಸಿಲುಕುತ್ತಾರೆ. ನೆಲೆಯ ಗೇಟು ದಾಟುವ ಮೊದಲು ಪಾಸ್‌ಪೋರ್ಟಿನ ಕೆಲಸ ಮುಗಿಸಿ, ಮರುಪ್ರಯಾಣದ ಪಟ್ಟಿಗೆ ಹೆಸರು ಕಳಿಸಿ, ಆಮೇಲೆ ಕಾದಿಸ್‌ನ ದೋಣಿ ಹಿಡಿಯಬೇಕು.