ಪಿಎಂ-ವಾಣಿ

ಪಿಎಂ-ವಾಣಿಯು ಭಾರತದಲ್ಲಿ ಸಾರ್ವಜನಿಕ ವೈ-ಫೈ ಸೇವೆಯನ್ನು ಮುಕ್ತ ಮಾರುಕಟ್ಟೆಯಾಗಿ ರೂಪಿಸುವ ವ್ಯವಸ್ಥೆ. ‘ಪ್ರೈಮ್ ಮಿನಿಸ್ಟರ್ಸ್ ವೈ-ಫೈ ಆಕ್ಸೆಸ್ ನೆಟ್‌ವರ್ಕ್ ಇಂಟರ್‌ಫೇಸ್’ ಎಂಬುದು ಇದರ ಪೂರ್ಣ ಹೆಸರು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2017ರ ಶಿಫಾರಸನ್ನು ಆಧರಿಸಿದ ಈ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2020ರ ಡಿಸೆಂಬರ್ 9ರಂದು ಒಪ್ಪಿಗೆ ನೀಡಿತು.

ರಚನೆ

ಇದರಲ್ಲಿ ನಾಲ್ಕು ಅಂಗಗಳಿವೆ.

* ಸಾರ್ವಜನಿಕ ಡೇಟಾ ಕಚೇರಿ (ಪಿಡಿಒ): ಬ್ರಾಡ್‌ಬ್ಯಾಂಡ್ ಸಂಪರ್ಕ ಪಡೆದು, ಅದನ್ನು ವೈ-ಫೈ ಮೂಲಕ ಗ್ರಾಹಕರಿಗೆ ಒದಗಿಸುವ ತಾಣ. ಕಿರಾಣಿ ಅಂಗಡಿ ಅಥವಾ ಚಹಾದಂಗಡಿಯೂ ಪಿಡಿಒ ಆಗಬಹುದು.
* ಪಿಡಿಒ ಸಂಯೋಜಕ ಸಂಸ್ಥೆ: ಹಲವು ಪಿಡಿಒಗಳನ್ನು ಒಗ್ಗೂಡಿಸಿ, ಬಳಕೆಯ ಅನುಮತಿ ಹಾಗೂ ಲೆಕ್ಕವನ್ನು ನಿರ್ವಹಿಸುತ್ತದೆ.
* ಆ್ಯಪ್ ಪೂರೈಕೆದಾರ: ಬಳಕೆದಾರರನ್ನು ನೋಂದಾಯಿಸಿ, ಹತ್ತಿರದ ವೈ-ಫೈ ತಾಣಗಳನ್ನು ತೋರಿಸುತ್ತಾನೆ.
* ಕೇಂದ್ರ ನೋಂದಣಿ: ಮೇಲಿನ ಮೂವರ ವಿವರಗಳ ದಾಖಲೆ. ಇದನ್ನು ಸಿ-ಡಾಟ್ ಸಂಸ್ಥೆ ನಿರ್ವಹಿಸುತ್ತದೆ.

ಸಂಯೋಜಕ ಸಂಸ್ಥೆಗಳು ಮತ್ತು ಆ್ಯಪ್ ಪೂರೈಕೆದಾರರು ದೂರಸಂಪರ್ಕ ಇಲಾಖೆಯಲ್ಲಿ ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬೇಕು. ಪಿಡಿಒಗಳಿಗೆ ಪರವಾನಗಿಯಾಗಲಿ ನೋಂದಣಿಯಾಗಲಿ ಬೇಕಿಲ್ಲ. ಒಂದು ಆ್ಯಪ್‌ನಲ್ಲಿ ನೋಂದಾಯಿಸಿಕೊಂಡವರು ಬೇರೆ ಬೇರೆ ಸಂಸ್ಥೆಗಳ ತಾಣಗಳನ್ನೂ ಬಳಸಬಹುದು. ಇದೇ ಇದರ ಮುಕ್ತತೆ.

ಮಹತ್ತ್ವ ಮತ್ತು ಸಮಸ್ಯೆ

ಮನೆಯಲ್ಲಿ ದೂರವಾಣಿ ಇಲ್ಲದವರಿಗೆ ಹಿಂದೆ ಎಸ್‌ಟಿಡಿ ಬೂತುಗಳು ಕರೆಯ ಸೌಲಭ್ಯ ಒದಗಿಸಿದಂತೆ, ಚಿಲ್ಲರೆ ಹಣಕ್ಕೆ ಅಂತರಜಾಲವನ್ನು ಒದಗಿಸುವುದು ಪಿಡಿಒಗಳ ಆಶಯ. ಆದರೆ ಬ್ರಾಡ್‌ಬ್ಯಾಂಡ್ ಸಂಪರ್ಕದ ವೆಚ್ಚ ಹೆಚ್ಚಾದರೆ ಸಣ್ಣ ಅಂಗಡಿಯವರಿಗೆ ಲಾಭ ಉಳಿಯದು. ಅಗ್ಗದ ಸೇವೆಯೂ ಸಾಧ್ಯವಾಗದು. ಈ ಅಡ್ಡಿಯನ್ನು ನಿವಾರಿಸಲು ಟ್ರಾಯ್ 2025ರ ಜೂನ್‌ನಲ್ಲಿ ದರಮಿತಿ ವಿಧಿಸಿತು. ಅದರಂತೆ 200 ಎಂಬಿಪಿಎಸ್‌ವರೆಗಿನ ಮನೆಬಳಕೆಯ ಫೈಬರ್ ಯೋಜನೆಗಳನ್ನು ಪಿಡಿಒಗಳಿಗೂ ನೀಡಬೇಕು. ದರವು ಮನೆಬಳಕೆಯ ದರದ ಎರಡು ಪಟ್ಟನ್ನು ಮೀರಬಾರದು.