ಎಷ್ಟು ನೀರು, ಯಾವ ನೀರು

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಸೀಮೆಯಲ್ಲಿ ಕುದಾಪುರವಿದೆ. ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲು ಇದು. ಈಗ ಅಲ್ಲಿ ಸುಮಾರು 1,500 ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ನಾಡಿನ ಬೇರೆ ಬೇರೆ ಜಿಲ್ಲೆಗಳ ಶಿಕ್ಷಕರು ತರಬೇತಿಗೆಂದು ಅಲ್ಲಿಗೆ ಬರುತ್ತಾರೆ. ಸುತ್ತಲಿನ ಊರುಗಳಲ್ಲಿ ಮಾತ್ರ ಹಳೆಯ ಬದುಕೇ ನಡೆದಿದೆ: ಶೇಂಗಾ ಹೊಲ, ಕುರಿ ಹಿಂಡು, ಗೊಲ್ಲರ ಹಟ್ಟಿಗಳು, ಮ್ಯಾಸಬೇಡರ ದೇವರ ಎತ್ತುಗಳು. ಪಶ್ಚಿಮಘಟ್ಟದ ಮಳೆನೆರಳಿಗೆ ಸಿಕ್ಕ ಈ ಸೀಮೆಗೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ. ಆಗುಂಬೆಯಲ್ಲಿ ಸುರಿಯುವುದರ ಹದಿನೈದನೆಯ ಒಂದು ಪಾಲು.

ಇಂಥ ಊರಿನಲ್ಲಿ ನಿಂತು ‘ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ’ ಎಂದು ಹೇಳುವುದು ಅರ್ಧ ಮಾತು. ಉಳಿದರ್ಧ, ಆ ನೀರು ಎಲ್ಲಿಂದ ಬಂತು ಎಂಬುದು. ನಮ್ಮ ಆರೋಗ್ಯ ಪಾಠಗಳಲ್ಲಿ ಈ ಎರಡನೆಯ ಅರ್ಧ ಬಹಳ ಸಲ ಬಿಟ್ಟೇಹೋಗುತ್ತದೆ.

ಮೊದಲು ಎಂಟು ಲೋಟದ ವಿಷಯ. ಅಮೆರಿಕದ ಆಹಾರ ಮತ್ತು ಪೌಷ್ಟಿಕತೆ ಮಂಡಳಿ 1945ರಲ್ಲಿ ದೊಡ್ಡವರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕೆಂದಿತು. ಅದರ ಬಹುಪಾಲು ನಾವು ತಿನ್ನುವ ಆಹಾರದಲ್ಲೇ ಇದೆ ಎಂದೂ ಅಲ್ಲೇ ಬರೆದಿತ್ತು. ಮೊದಲ ಮಾತು ಜನರ ಬಾಯಿಗೆ ಬಂತು, ಎರಡನೆಯದು ಕಡತದಲ್ಲೇ ಉಳಿಯಿತು. ಹೈಂಜ್ ವಾಲ್ಟಿನ್ ಎಂಬ ಶರೀರಕ್ರಿಯಾ ವಿಜ್ಞಾನಿ ಎಂಟು ಲೋಟದ ನಿಯಮಕ್ಕೆ ಆಧಾರ ಹುಡುಕಿ 2002ರಲ್ಲಿ ಲೇಖನ ಬರೆದರು. ಆರೋಗ್ಯವಂತರೆಲ್ಲರೂ ಇಷ್ಟು ಕುಡಿಯಲೇಬೇಕು ಎನ್ನಲು ಅವರಿಗೆ ಯಾವ ಪುರಾವೆಯೂ ಸಿಗಲಿಲ್ಲ. ಇಪ್ಪತ್ತು ವರ್ಷಗಳ ನಂತರ, 2022ರಲ್ಲಿ, 23 ದೇಶಗಳ 5,600ಕ್ಕೂ ಹೆಚ್ಚು ಜನರ ದೇಹದಲ್ಲಿ ದಿನಕ್ಕೆ ಎಷ್ಟು ನೀರು ಹೊಕ್ಕು ಹೊರಹೋಗುತ್ತದೆ ಎಂದು ಐಸೋಟೋಪುಗಳ ನೆರವಿನಿಂದ ಅಳೆದ ಅಧ್ಯಯನ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ವಯಸ್ಸು, ಮೈಕಟ್ಟು, ದುಡಿಮೆ, ಹವೆ ಬದಲಾದಂತೆ ಈ ಲೆಕ್ಕವೂ ಬದಲಾಗುತ್ತದೆ ಎಂಬುದು ಅದರಿಂದ ಖಚಿತವಾಯಿತು. ಬಿಸಿಲ ಸೀಮೆಯಲ್ಲಿ ಮೈಮುರಿದು ದುಡಿಯುವವರ ದೇಹದಲ್ಲಿ ನೀರಿನ ಓಡಾಟ ಹೆಚ್ಚು.

ಹಾಗಾಗಿ ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂತು ರೇಷ್ಮೆ ಸೀರೆ ನೇಯುವವರಿಗೆ ಬೇಕಾದ ನೀರೇ ಬೇರೆ, ಕುದಾಪುರದ ಹೊಲದಲ್ಲಿ ಶೇಂಗಾ ಕೀಳುವವರಿಗೆ ಬೇಕಾದದ್ದೇ ಬೇರೆ. ಕಡುಬಿಸಿಲಲ್ಲಿ ಗಟ್ಟಿ ಕೆಲಸ ಮಾಡುವವರು ಗಂಟೆಗೆ ಒಂದು ಲೀಟರಿನಷ್ಟು ಬೆವರಬಲ್ಲರು. ಒಣಗಾಳಿಯ ಸೀಮೆಯಲ್ಲಿ ಆ ಬೆವರು ಅಂಗಿ ತೋಯಿಸುವ ಮೊದಲೇ ಆರಿಹೋಗುವುದರಿಂದ, ಎಷ್ಟು ನೀರು ಕಳೆದುಕೊಂಡೆವೆಂಬುದು ದುಡಿಯುವವರಿಗೆ ಗೊತ್ತೇ ಆಗುವುದಿಲ್ಲ. ಮಂಗಳೂರಿನ ಸೆಖೆಯಲ್ಲಿ ಮೈ ಜಿಗುಟಾಗಿ ಎಚ್ಚರಿಸುತ್ತದೆ. ಚಳ್ಳಕೆರೆಯ ಗಾಳಿಯಲ್ಲಿ ಆ ಎಚ್ಚರಿಕೆ ಇಲ್ಲ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೆರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸುತ್ತವೆ. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೆ ಸಾಕು, ಮಿದುಳು ಬಾಯಾರಿಕೆ ಹುಟ್ಟಿಸುತ್ತದೆ. ಜೊತೆಗೆ ವಾಸೊಪ್ರೆಸಿನ್ ಎಂಬ ಹಾರ್ಮೋನು ಬಿಟ್ಟು ಮೂತ್ರವನ್ನು ಬಿಗಿಹಿಡಿಯುತ್ತದೆ. ಆರೋಗ್ಯವಂತರು ಬಾಯಾರಿಕೆಯನ್ನು ನಂಬಬಹುದು. ಮುದುಕರಲ್ಲಿ ಅದು ಮಂಕಾಗಿರುತ್ತದೆ, ಆಟದಲ್ಲಿ ಮೈಮರೆತ ಮಕ್ಕಳು ಅದಕ್ಕೆ ಕಿವಿಗೊಡುವುದಿಲ್ಲ. ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ‘ವಾಟರ್ ಬೆಲ್’ ಈ ಕಾರಣಕ್ಕೆ ಒಳ್ಳೆಯ ಏರ್ಪಾಟು. ಮೂತ್ರ ತಿಳಿಹಳದಿಯಾಗಿದ್ದರೆ ಸಾಕಷ್ಟು ಕುಡಿದಿದ್ದೀರಿ, ಕಡುಹಳದಿಯಾದರೆ ಸಾಲದು. ಮೂತ್ರಪಿಂಡದಲ್ಲಿ ಒಮ್ಮೆ ಕಲ್ಲಾದವರಿಗೆ ನೀರೇ ಔಷಧ. ಇಟಲಿಯಲ್ಲಿ ಅಂಥ ರೋಗಿಗಳನ್ನು ಐದು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ನೀರು ಕುಡಿದವರಲ್ಲಿ ಶೇ. 12 ಮಂದಿಗೆ ಮತ್ತೆ ಕಲ್ಲಾದರೆ, ಉಳಿದವರಲ್ಲಿ ಶೇ. 27 ಮಂದಿಗೆ ಆಯಿತು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರ ಮಾತನ್ನೇ ಕೇಳಬೇಕು.

ಬಾಯಾರಿಕೆ ಗೊತ್ತಿದ್ದೂ ಕುಡಿಯದವರಿದ್ದಾರೆ. ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸರು, ಶೌಚಾಲಯ ಸರಿಯಿಲ್ಲದ ಶಾಲೆಯ ಹೆಣ್ಣುಮಕ್ಕಳು. ಮರೆಯಿಲ್ಲದ ಬಯಲಲ್ಲಿ ಎದ್ದು ಹೋಗುವುದೆಲ್ಲಿಗೆ ಎಂಬ ಚಿಂತೆಗೆ ಬೆಳಗಿನಿಂದ ಸಂಜೆವರೆಗೆ ಬಾಯಿ ಕಟ್ಟುತ್ತಾರೆ. ಉರಿಮೂತ್ರ, ಮೂತ್ರನಾಳದ ಸೋಂಕು, ತಲೆನೋವು ಅವರ ಪಾಲಿಗೆ ಬರುತ್ತವೆ. ಇವರಿಗೆ ಬೇಕಾದದ್ದು ಬೀಗವಿಲ್ಲದ, ನೀರಿರುವ ಶೌಚಾಲಯ. ಅದನ್ನು ಕೊಡದೆ ನೀರು ಕುಡಿಯಿರೆಂದು ಬುದ್ಧಿ ಹೇಳುವುದು ಅನ್ಯಾಯ.

ಇನ್ನು ಯಾವ ನೀರು ಎಂಬ ಪ್ರಶ್ನೆ. ಅಶೋಕನ ಶಾಸನವಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯನ್ನು ನೋಡಿದವರಿಗೆ ಈ ನೆಲದ ಅಡಿಪಾಯ ಎಂಥದೆಂದು ಗೊತ್ತು. ಇಂಥ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಬಯೊಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿರುತ್ತವೆ. ಅವುಗಳಲ್ಲಿ ಫ್ಲೋರೈಡ್ ಅಡಗಿರುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತರೆ ಫ್ಲೋರೈಡ್ ನಿಧಾನವಾಗಿ ಅದರಲ್ಲಿ ಕರಗುತ್ತದೆ. ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದ ನೀರಿನಲ್ಲಿ ಇನ್ನೂ ಸಲೀಸಾಗಿ ಕರಗುತ್ತದೆ. ಮಳೆ ಕಡಿಮೆಯಿರುವಲ್ಲಿ ಹಳೆ ನೀರನ್ನು ತೊಳೆದು ತಿಳಿಮಾಡುವ ಹೊಸ ನೀರೂ ಕಡಿಮೆ. ಚಿತ್ರದುರ್ಗ ಜಿಲ್ಲೆಯ ಪೂರ್ವದ ತಾಲ್ಲೂಕುಗಳಿಂದ ಪಾವಗಡದವರೆಗೆ, ಅಲ್ಲಿಂದ ಆಂಧ್ರದ ಅನಂತಪುರದವರೆಗೆ ಕೊಳವೆಬಾವಿಗಳಲ್ಲಿ ಈ ತೊಂದರೆ ಕಾಣುತ್ತದೆ.

ಈ ಸೀಮೆಯ ಹಿರಿಯರು ಹೀಗೆ ಪಾತಾಳದ ನೀರು ಕುಡಿದವರಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ಕೆರೆ ಕಟ್ಟಿಸಿದವರೆಂದು ನೆನೆಯುತ್ತಾರೆ. ಕೆರೆ, ಗೋಕಟ್ಟೆ, ಮೆಟ್ಟಿಲಿಳಿದು ತುಂಬಿಕೊಳ್ಳುವ ತೆರೆದಬಾವಿ, ಇವುಗಳ ನೀರು ಮಳೆಯ ನೀರೇ. ಕಲ್ಲಿನೊಡನೆ ಅದರ ಸಹವಾಸ ಕಡಿಮೆ. ಆದರೆ ಅದರಲ್ಲಿ ರೋಗಾಣು ಇತ್ತು, ನಾರುಹುಣ್ಣಿನ ಹುಳುವೂ ಇತ್ತು. 1970, 80ರ ದಶಕಗಳಲ್ಲಿ ಕೈಪಂಪಿನ ಕೊಳವೆಬಾವಿಗಳು ಊರೂರಿಗೆ ಬಂದಾಗ ಆ ಪೀಡೆಗಳು ಇಳಿದವು. ಅದು ಸಣ್ಣ ಉಪಕಾರವಲ್ಲ. ಆಮೇಲೆ ನೀರಾವರಿಯ ಬೋರುಗಳು ಬಂದವು, ಅಂತರ್ಜಲ ಐನೂರು ಆರುನೂರು ಅಡಿಗೆ ಇಳಿಯಿತು. ಒಂದು ಕಂಟಕ ತಪ್ಪಿಸಿಕೊಂಡ ಊರುಗಳಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಇನ್ನೊಂದು ಕಂಟಕ ಗಂಟುಬಿತ್ತು.

ಇದು ನಮ್ಮೊಬ್ಬರ ಪಾಡಲ್ಲ. ಭಾರತದಲ್ಲಿ ನೀರಿನ ಫ್ಲೋರೈಡಿನಿಂದ ಬರುವ ಮೂಳೆ ರೋಗವನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದಲ್ಲಿದ್ದ ನೆಲ್ಲೂರು ಸೀಮೆಯಿಂದ. ಮಕ್ಕಳ ಹಲ್ಲಿನ ಎನಾಮಲ್ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಮೂಡುತ್ತವೆ. ಅವು ಉಜ್ಜಿದರೆ ಹೋಗುವ ಕಲೆಗಳಲ್ಲ, ಹಲ್ಲಿನ ಒಳಗಿನವು. ದೊಡ್ಡವರಲ್ಲಿ ವರ್ಷಗಳು ಕಳೆದಂತೆ ಅದು ಮೂಳೆಗಳಲ್ಲಿ ಸೇರಿಕೊಂಡು ಕತ್ತು, ಸೊಂಟ, ಮಂಡಿ ಬಿಗಿಯಾಗುತ್ತವೆ. ಬಹಳ ಜನ ಇದನ್ನು ವಯಸ್ಸಿನ ವಾಯುನೋವೆಂದು ನುಂಗಿಕೊಂಡು ಸುಮ್ಮನಾಗುತ್ತಾರೆ.

ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಈ ಅಂಕಿ ಲೀಟರಿನ ಲೆಕ್ಕ, ಮನುಷ್ಯನ ಲೆಕ್ಕವಲ್ಲ. 1.5 ಮಿಲಿಗ್ರಾಂ ಇರುವ ನೀರನ್ನು ನೆರಳಲ್ಲಿ ಕೂತವರು ಎರಡು ಲೀಟರ್ ಕುಡಿದರೆ ಮೈಗೆ 3 ಮಿಲಿಗ್ರಾಂ ಸೇರುತ್ತದೆ. ಹೊಲದಲ್ಲಿ ದುಡಿಯುವವರು ಅದೇ ನೀರನ್ನು ಐದು ಲೀಟರ್ ಕುಡಿದರೆ 7.5 ಮಿಲಿಗ್ರಾಂ. ಎಲ್ಲ ಮೂಲಗಳಿಂದ ದಿನಕ್ಕೆ ಸುಮಾರು 6 ಮಿಲಿಗ್ರಾಂ ಮೀರಿದರೆ ಮೂಳೆಗೆ ಅಪಾಯ ಹೆಚ್ಚುವ ಸೂಚನೆಯಿದೆ, 14 ಮಿಲಿಗ್ರಾಂ ತಲುಪಿದರೆ ಹಾನಿ ಸ್ಪಷ್ಟ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಕಾಗದದ ಮೇಲೆ ಸುರಕ್ಷಿತವಾದ ನೀರು, ಹೆಚ್ಚು ಬೆವರಿ ಹೆಚ್ಚು ಕುಡಿಯುವ ಬಡ ದುಡಿಮೆಗಾರರಿಗೆ ಸುರಕ್ಷಿತವಲ್ಲದೆ ಹೋಗಬಹುದು.

ಹವೆಗೂ ಈ ಮಿತಿಗೂ ಸಂಬಂಧವಿದೆ ಎಂಬುದು ಹೊಸ ವಿಚಾರವೇನಲ್ಲ. ಬಿಸಿಲೇರಿದಂತೆ ಮಕ್ಕಳು ಎಷ್ಟು ಹೆಚ್ಚು ನೀರು ಕುಡಿಯುತ್ತಾರೆಂದು ಗ್ಯಾಲಗನ್ ಮತ್ತು ವರ್ಮಿಲಿಯನ್ ಎಂಬ ಅಮೆರಿಕದ ಸಂಶೋಧಕರು 1957ರಲ್ಲೇ ಸೂತ್ರ ಕಟ್ಟಿದ್ದರು. ಹಲ್ಲು ಹುಳುಕಾಗದಿರಲೆಂದು ಅಲ್ಲಿ ನಲ್ಲಿ ನೀರಿಗೆ ಬೇಕೆಂದೇ ಸ್ವಲ್ಪ ಫ್ಲೋರೈಡ್ ಬೆರೆಸುತ್ತಾರೆ. ಆ ದೇಶ 1962ರಲ್ಲಿ ತಂಪು ಊರುಗಳಿಗೆ 1.2 ಮಿಲಿಗ್ರಾಂ, ಬಿಸಿ ಊರುಗಳಿಗೆ 0.7 ಎಂದು ಮಟ್ಟ ನಿಗದಿ ಮಾಡಿತು. ನಮ್ಮಲ್ಲಿ ಮಡಿಕೇರಿಗೂ ಮೊಳಕಾಲ್ಮೂರಿಗೂ ಒಂದೇ ಅಂಕಿ. ಚಳ್ಳಕೆರೆ ಸೀಮೆಯಲ್ಲಿ 1 ಮಿಲಿಗ್ರಾಮನ್ನೇ ಗಡಿಯೆಂದು ಹಿಡಿದು, 1.5ರ ರಿಯಾಯಿತಿಯನ್ನು ಮರೆಯುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಬಾರದು. ಬಿಸಿಲ ಹೊಡೆತ ಒಂದೇ ಮಧ್ಯಾಹ್ನದಲ್ಲಿ ಪ್ರಾಣ ತೆಗೆಯಬಲ್ಲದು. ಬದಲಿಸಬೇಕಾದದ್ದು ನೀರಿನ ಮೂಲವನ್ನು.

ಈಗ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ, ಜನ ಅದನ್ನು ಫಿಲ್ಟರ್ ನೀರು ಎನ್ನುತ್ತಾರೆ. ಒಳಗಿರುವ ಆರ್‌ಒ ಪೊರೆ ಫ್ಲೋರೈಡಿನ ಬಹುಪಾಲನ್ನು ತಡೆಯುತ್ತದೆ, ಹಾಳಾದ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಎಷ್ಟೋ ಮನೆಗಳಲ್ಲಿ ಕುಡಿಯಲು ಫಿಲ್ಟರ್ ನೀರು, ಅಡುಗೆಗೆ ಬೋರಿನ ನೀರು ಎಂಬ ರೂಢಿಯಿದೆ. ಮುದ್ದೆಯ ಎಸರು, ಅನ್ನ, ಸಾರು, ಅಂಬಲಿ, ಚಹಾ ಎಲ್ಲದರ ಮೂಲಕವೂ ಬೋರಿನ ಫ್ಲೋರೈಡ್ ಮೈಸೇರುತ್ತದೆ. ಚಹಾಸೊಪ್ಪಿನಲ್ಲಂತೂ ಅದು ತಾನಾಗಿಯೇ ಇದೆ. ಆದ್ದರಿಂದ ಅಡುಗೆಗೂ ಕ್ಯಾನಿನ ನೀರೇ ಆಗಬೇಕು. ಸ್ನಾನ, ಬಟ್ಟೆ, ಪಾತ್ರೆಗೆ ಬೋರಿನ ನೀರು ಧಾರಾಳವಾಗಿ ಬಳಸಬಹುದು. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಮೂಲಕ್ಕಿಂತ ಹೆಚ್ಚಿರುತ್ತದೆ. ಅದನ್ನು ದನಕರುಗಳ ತೊಟ್ಟಿಗೆ ಬಿಡಬಾರದು, ದನಗಳ ಹಲ್ಲು ಮೂಳೆಗಳಿಗೂ ಇದೇ ರೋಗ ಬರುತ್ತದೆ.

ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ತಿದ್ದಬೇಕು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡ ಮೇಲೆ ಕುದಿಸಿ ಕುಡಿಯುವ ಮಾತು ಜಿಲ್ಲೆಯಲ್ಲೆಲ್ಲ ಕೇಳಿಬಂತು. ರೋಗಾಣುಗಳ ಮಟ್ಟಿಗೆ ಅದು ನೂರಕ್ಕೆ ನೂರು ಸರಿ. ಆದರೆ ಫ್ಲೋರೈಡ್ ಆವಿಯಾಗುವುದಿಲ್ಲ. ನೀರು ಹಿಂಗಿದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಹೋಗದು. ಪಟಿಕ ಮತ್ತು ಸುಣ್ಣ ಬಳಸಿ ತೆಗೆಯುವ ನಲ್ಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿತು. ಕುದಾಪುರದಲ್ಲಿ ಆವರಣ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪ್ರೊ. ಸುಧಾಕರ ರಾವ್ ಅವರ ತಂಡ ಮೆಗ್ನೀಸಿಯಂ ಆಕ್ಸೈಡ್ ಬಳಸಿ, ಕರೆಂಟ್ ಇಲ್ಲದೆ ಮನೆಯಲ್ಲೇ ಫ್ಲೋರೈಡ್ ತೆಗೆಯುವ ವಿಧಾನವನ್ನು ಬೆಳೆಸಿದೆ. ಇಂಥ ಕೆಲಸ ಆವರಣದ ಸುತ್ತಲಿನ ಹಟ್ಟಿಗಳಿಗೇ ಮೊದಲು ಮುಟ್ಟಲಿ ಎಂದು ಬಯಸುವುದು ಅತಿಯಾಸೆಯೇನಲ್ಲ.

ನಿಮ್ಮೂರಿನ ನೀರಿನಲ್ಲಿ ಎಷ್ಟಿದೆ ಎಂದು ತಿಳಿಯಲು ಗ್ರಾಮ ಪಂಚಾಯಿತಿಯನ್ನು ಕೇಳಿ. ಜಲಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಟಿದೆ. ಔಷಧದ ಹನಿ ಹಾಕಿದಾಗ ತಿರುಗುವ ಬಣ್ಣ ನೋಡಿ ಫ್ಲೋರೈಡಿನ ಅಂದಾಜು ಮಾಡುತ್ತಾರೆ. ಅನುಮಾನ ಬಂದರೆ ಪ್ರಯೋಗಾಲಯದ ವರದಿ ತರಿಸಬೇಕು. ಬಾಣಂತಿಯರಿಗೆ ಒಂದು ಸಮಾಧಾನದ ಸಂಗತಿ: ತಾಯಿ ಕುಡಿದ ನೀರಿನ ಫ್ಲೋರೈಡ್ ಎದೆಹಾಲಿಗೆ ಇಳಿಯುವುದು ಅತ್ಯಲ್ಪ. ಬೋರಿನ ನೀರಲ್ಲಿ ಕಲಸಿದ ಡಬ್ಬಿ ಹಾಲಿಗೆ ಈ ರಕ್ಷಣೆ ಇಲ್ಲ. ರಾಗಿ, ಮಜ್ಜಿಗೆ, ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಫ್ಲೋರೈಡನ್ನು ಒಂದಿಷ್ಟು ಕಟ್ಟಿಹಾಕುತ್ತದೆ. ಹೊಲಕ್ಕೆ ಹೋಗುವವರು ಒಳ್ಳೆಯ ನೀರಲ್ಲಿ ಕಾಸಿದ ರಾಗಿ ಅಂಬಲಿಗೆ ಮಜ್ಜಿಗೆ, ಉಪ್ಪು ಬೆರೆಸಿ ಒಯ್ದರೆ ಬೆವರಲ್ಲಿ ಹೋದ ನೀರು, ಉಪ್ಪು ಎರಡೂ ಮರಳುತ್ತವೆ.

ತುಂಗಭದ್ರಾ ಹಿನ್ನೀರಿನಿಂದ ಈ ತಾಲ್ಲೂಕುಗಳಿಗೆ ನದಿನೀರು ತರುವ ಬಹುಗ್ರಾಮ ಯೋಜನೆ ರೂಪುಗೊಂಡದ್ದೂ ಕೊಳವೆಬಾವಿಯ ನೀರಿನ ಈ ಅವಸ್ಥೆಯಿಂದಲೇ. ನಲ್ಲಿಯಲ್ಲಿ ನದಿನೀರು ನಿತ್ಯ ಬರುವ ಮನೆಗೆ ಅರ್ಧ ಚಿಂತೆ ತೀರಿದಂತೆ. ಬಾರದ ಮನೆಗೆ ಸೂರಿನ ನೀರಿದೆ. 20 ಚದರ ಮೀಟರ್ ತಾರಸಿಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಐದನೆಯ ಒಂದು ಪಾಲು ಸೋರಿ, ಆರಿ ಹೋಯಿತೆಂದರೂ 8,000 ಲೀಟರ್ ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ 320 ದಿನಕ್ಕೆ ಆಯಿತು. ಕಷ್ಟವಿರುವುದು ಮಳೆಯಲ್ಲಲ್ಲ, ತೊಟ್ಟಿಯಲ್ಲಿ. ಇಲ್ಲಿ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನ ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ, ಆದ್ದರಿಂದ ತೊಟ್ಟಿ ದೊಡ್ಡದಿರಬೇಕು, ಅದರ ಖರ್ಚು ಕೂಲಿಯವರ ಕೈಗೆ ನಿಲುಕದು. ಪಂಚಾಯಿತಿಯ ಹಣದಲ್ಲಿ ಮೊದಲು ಶಾಲೆ ಮತ್ತು ಅಂಗನವಾಡಿಗಳ ತಾರಸಿಗೆ ತೊಟ್ಟಿ ಕಟ್ಟಿಸಬಹುದು, ಹಲ್ಲು ಮೂಳೆ ಬೆಳೆಯುವ ವಯಸ್ಸಿನವರು ಅಲ್ಲೇ ಇದ್ದಾರೆ. ಮೊದಲ ಮಳೆಯ ನೀರನ್ನು ಹೊರಬಿಟ್ಟು ತಾರಸಿ ತೊಳೆಯಿಸಬೇಕು, ಆಮೇಲಿನದನ್ನು ಮರಳು ಇದ್ದಿಲಿನ ಸೋಸುಗುಂಡಿ ಹಾಯಿಸಿ ತುಂಬಿಸಬೇಕು, ಬೆಳಕು ಸೊಳ್ಳೆ ಹೋಗದಂತೆ ಮುಚ್ಚಬೇಕು. ಈ ನೀರಿನಲ್ಲಿ ಫ್ಲೋರೈಡಿನ ಭಯವಿಲ್ಲ, ರೋಗಾಣುವಿನದಿದೆ. ಇದನ್ನು ಕುದಿಸಿಯೇ ಕುಡಿಯಬೇಕು.