ಝಕಾತ್ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಪುಟ

ಕಳೆದ ವಾರ ಹೊಸಪೇಟೆಯಲ್ಲಿ ತರಾವೀಹ್ ಮುಗಿಸಿ ಹೊರಬಂದಾಗ ಒಬ್ಬ ತರುಣ ನಮ್ಮನ್ನು ತಡೆದು ನಿಲ್ಲಿಸಿದ. ಊರು ಉಳ್ಳಾಲದ ಕಡೆ. ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ಇಂಜಿನಿಯರ್ ಕೆಲಸ. ರಜಾದಿನಗಳಲ್ಲಿ ಹೊರಗಿನ ಕಂಟ್ರಾಕ್ಟರ್ ಒಬ್ಬರಿಗೆ ನಕ್ಷೆ ಬಿಡಿಸಿಕೊಡುತ್ತಾನೆ. "ಉಸ್ತಾದರೇ, ಝಕಾತ್ ಲೆಕ್ಕ ಹಾಕ್ತಾ ಇದ್ದೆ. ಈ ನಕ್ಷೆಯ ದುಡ್ಡಿಗೆ ಸರಕಾರಿ ತೆರಿಗೆಯೂ ಇದೆಯಾ? ಕಂಟ್ರಾಕ್ಟರ್ ಆಗಲೇ ಟಿಡಿಎಸ್ ಹಿಡಿದಿದ್ದಾರಲ್ಲ, ಅಲ್ಲಿಗೆ ಮುಗೀತಲ್ವಾ?" ಎಂದು ಕೇಳಿದ.

ನಮಗೆ ತಿಳಿದಿರುವುದು ಕಿತಾಬಿನ ಲೆಕ್ಕ. ಆದ್ದರಿಂದ ಮರುದಿನ ಅವನನ್ನು ಕರೆದುಕೊಂಡು ಪರಿಚಯದ ಲೆಕ್ಕಪರಿಶೋಧಕರ ಬಳಿಗೆ ಹೋದೆವು. ಅಲ್ಲಿ ಕೇಳಿದ್ದು ನಮ್ಮ ಅನೇಕ ಮನೆಗಳಿಗೆ ಬೇಕಾದ ಮಾತು ಎಂದು ಇಲ್ಲಿ ಬರೆಯುತ್ತಿದ್ದೇವೆ.

ಅವನ ವರ್ಷದ ಸಂಬಳ 12,40,000 ರೂಪಾಯಿ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ಸಿಗುವ 75,000 ರೂ. ಕಡಿತ ಕಳೆದರೆ 11,65,000 ಉಳಿಯುತ್ತದೆ. 2025-26ರ ಸಾಲಿಗೆ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. "ನನಗೆ ಟ್ಯಾಕ್ಸೇ ಇಲ್ಲ" ಎಂದು ಅವನು ನೆಮ್ಮದಿಯಾಗಿ ಇದ್ದದ್ದು ಇದೇ ಕಾರಣಕ್ಕೆ.

ನಕ್ಷೆಯಿಂದ ಬಂದದ್ದು 1,20,000. ಅದನ್ನು ಸೇರಿಸಿದರೆ 12,85,000. ಇಲ್ಲೇ ನೋಡಿ ಪೇಚು. 12 ಲಕ್ಷದ ಗೆರೆ ದಾಟಿದ ಕೂಡಲೇ ರಿಯಾಯಿತಿ ಹೋಗುತ್ತದೆ. ಆಗ 4 ಲಕ್ಷದಿಂದ ಮೇಲಿನ ಎಲ್ಲದಕ್ಕೂ ಹಂತ ಹಂತವಾಗಿ ತೆರಿಗೆ: 4ರಿಂದ 8 ಲಕ್ಷಕ್ಕೆ ಶೇ. 5, 8ರಿಂದ 12 ಲಕ್ಷಕ್ಕೆ ಶೇ. 10, ಅದರ ಮೇಲೆ ಶೇ. 15. ಒಟ್ಟು 72,750, ಅದಕ್ಕೆ ಶೇ. 4 ಸೆಸ್ ಸೇರಿ 75,660 ರೂ. ಕಂಟ್ರಾಕ್ಟರ್ ಹಿಡಿದದ್ದು ಶೇ. 10ರಂತೆ 12,000 ಮಾತ್ರ. ಅಂದರೆ ಬಾಕಿ 63,660. ಹುಡುಗನ ಮುಖ ಬಿಳಿಚಿಕೊಂಡಿತು.

ಆದರೆ ಲೆಕ್ಕಪರಿಶೋಧಕರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಇಂಜಿನಿಯರಿಂಗ್, ವೈದ್ಯಕೀಯ, ವಕೀಲಿ ಮೊದಲಾದ ಕೆಲವು ವೃತ್ತಿಗಳವರು ಬಂದ ಹಣದ ಅರ್ಧವನ್ನು ಆದಾಯವೆಂದು ತೋರಿಸಲು 44ಎಡಿಎ ಎಂಬ ಸೆಕ್ಷನ್ ಅವಕಾಶ ಕೊಡುತ್ತದೆ. ಆಗ ನಕ್ಷೆಯ ಆದಾಯ 60,000, ಒಟ್ಟು 12,25,000. 12 ಲಕ್ಷಕ್ಕಿಂತ ಸ್ವಲ್ಪ ಮೇಲೆ ಹೋದವರ ತೆರಿಗೆ, ಆ ಹೆಚ್ಚುವರಿ ಮೊತ್ತವನ್ನು ಮೀರಬಾರದು ಎಂಬ ನಿಯಮವೂ ಇದೆ. ಹಾಗಾಗಿ ತೆರಿಗೆ 25,000, ಸೆಸ್ 1,000. ಟಿಡಿಎಸ್ ಕಳೆದು ಕಟ್ಟಬೇಕಾದದ್ದು 14,000. ಇದರಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ, ಕಾನೂನು ಗೊತ್ತಿದ್ದವರಿಗೆ ಸಿಕ್ಕ ದಾರಿ ಅಷ್ಟೇ.

ಗಮನಿಸಿ: ಟಿಡಿಎಸ್ ಕಳೆದು 10,000 ರೂ. ಅಥವಾ ಹೆಚ್ಚು ತೆರಿಗೆ ಬಾಕಿ ಇದ್ದರೆ ವರ್ಷದೊಳಗೇ ಮುಂಗಡ ತೆರಿಗೆ ಕಟ್ಟಬೇಕು. ಸಾಮಾನ್ಯರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ನಾಲ್ಕು ಕಂತು. 44ಎಡಿಎ ಲೆಕ್ಕದವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ತಪ್ಪಿದರೆ ಬಡ್ಡಿ ಬೀಳುತ್ತದೆ. ಬಡ್ಡಿಯ ಹೆಸರು ಕೇಳಿದರೇ ದೂರ ಸರಿಯುವ ನಾವು, ಉದಾಸೀನದಿಂದ ಬಡ್ಡಿ ಕಟ್ಟುವ ಸ್ಥಿತಿ ತಂದುಕೊಳ್ಳುವುದು ಯಾಕೆ?

ಎಲ್ಲರಿಗೂ ಇದು ಹೊರೆಯಲ್ಲ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ವರ್ಷಕ್ಕೆ 2,40,000 ಸಂಬಳ, ಸಂಜೆ ಹೊತ್ತು 60,000 ಕಮಿಷನ್ ದುಡಿಯುವವನ ಒಟ್ಟು 4 ಲಕ್ಷ ದಾಟುವುದಿಲ್ಲ. ಅವನಿಗೆ ತೆರಿಗೆಯೇ ಇಲ್ಲ. ಕಮಿಷನ್‌ನಲ್ಲಿ ಶೇ. 2ರಂತೆ 1,200 ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಆದರೆ ಆದಾಯ 4 ಲಕ್ಷ ದಾಟಿತೆಂದರೆ, ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು.

ಮನೆಯಲ್ಲಿ ಪತ್ತಿರ್, ಬಿರಿಯಾನಿ ಆರ್ಡರ್ ಮಾಡಿಕೊಡುವ ಹೆಣ್ಣುಮಕ್ಕಳೂ ನಮ್ಮಲ್ಲಿ ಇದ್ದಾರೆ. ಅವರ ದುಡಿಮೆ ಅವರದೇ ಆದಾಯ, ಅವರ ಪಾನ್, ಅವರ ಖಾತೆಯಲ್ಲೇ ಇರಲಿ. ಆದರೆ ಹಂಪಿ ಸೀಸನ್ನಿಗೆಂದು ಗಂಡ ತನ್ನ ದುಡ್ಡಿನಲ್ಲಿ ಸ್ಕೂಟರ್ ಕೊಂಡು, ಬಾಡಿಗೆಯನ್ನು ಹೆಂಡತಿಯ ಹೆಸರಿಗೆ ಬರೆದರೆ ಆಗದು. ಆ ಆದಾಯ ಗಂಡನ ಲೆಕ್ಕಕ್ಕೇ ಸೇರುತ್ತದೆ.

ಮೂರು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ಹೇಳಲೇಬೇಕು. ಒಂದು, "ಝಕಾತ್ ಕೊಟ್ಟಿದ್ದೇವಲ್ಲ" ಎನ್ನುವುದು. ಝಕಾತ್ ಬಡವರ ಹಕ್ಕು, ತೆರಿಗೆ ದೇಶದ ಬಾಧ್ಯತೆ. ಒಂದು ಇನ್ನೊಂದಕ್ಕೆ ವಜಾ ಆಗುವುದಿಲ್ಲ. ಎರಡು, ಬ್ಯಾಂಕ್ ಬಡ್ಡಿ. ನಾವದನ್ನು ಮುಟ್ಟದೆ ಬೇರೆಯವರಿಗೆ ಕೊಟ್ಟುಬಿಟ್ಟರೂ, ಖಾತೆಗೆ ಜಮೆಯಾದದ್ದು ನಮ್ಮ ಆದಾಯವೆಂದೇ ದಾಖಲಾಗುತ್ತದೆ. ಅದನ್ನೂ ತೋರಿಸಬೇಕು. ಮೂರು, ಗಲ್ಫಿನಿಂದ ಅಣ್ಣ ತಮ್ಮಂದಿರು ಮನೆಗೆ ಕಳಿಸುವ ಹಣ. ಹತ್ತಿರದ ಸಂಬಂಧಿಕರ ಕೊಡುಗೆಗೆ ತೆರಿಗೆ ಇಲ್ಲ, ಅನಗತ್ಯ ಹೆದರಿಕೆ ಬೇಡ.

"ಯಾರಿಗೆ ಗೊತ್ತಾಗುತ್ತೆ?" ಎನ್ನುವವರು 2025ರ ಜುಲೈ ನೆನಪಿಸಿಕೊಳ್ಳಲಿ. ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್! ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿ ತೂಗಿದವು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಹಳೆ ಬಾಕಿ ವಸೂಲಿ ಇಲ್ಲವೆಂದ ಮೇಲೆ ಗದ್ದಲ ತಣ್ಣಗಾಯಿತು. ಜಿಎಸ್‌ಟಿ ಬೇರೆ, ಆದಾಯ ತೆರಿಗೆ ಬೇರೆ. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯ ಮಾತು. ಆದರೆ ಪಾಠ ಒಂದೇ. ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಮನೆಯವರು ಕಳಿಸಿದ್ದೆಷ್ಟು, ಕೈಸಾಲವೆಷ್ಟು ಎಂದು ಬರೆದಿಟ್ಟವನಿಗೆ ಉತ್ತರ ಕೊಡಲು ಬರುತ್ತದೆ. ಪಾನ್ ನಂಬರಿಗೆ ಅಂಟಿಕೊಂಡ ಸಂಬಳ, ಬಡ್ಡಿ, ಟಿಡಿಎಸ್ ವಿವರಗಳೆಲ್ಲ ಇಲಾಖೆಯ ಎಐಎಸ್ ಪಟ್ಟಿಯಲ್ಲಿ ಕಾಣುತ್ತವೆ. ಅದನ್ನು ನಾವೂ ತೆರೆದು ನೋಡಬಹುದು. ಹಿಂದೆ ಬಿಟ್ಟುಹೋಗಿದ್ದರೆ ಹೆಚ್ಚುವರಿ ತೆರಿಗೆ ಕಟ್ಟಿ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಲು ನಾಲ್ಕು ವರ್ಷದವರೆಗೆ ಅವಕಾಶವಿದೆ. ತಡವಾದಷ್ಟೂ ಮೊತ್ತ ಏರುತ್ತದೆ.

ಇನ್ನೊಂದು ಮಾತು. ಕಂಪೆನಿಯ ಕೆಲಸದಲ್ಲಿರುವವರು ಹೊರಗಿನ ದುಡಿಮೆಗೆ ಅನುಮತಿ ಬೇಕೇ ಎಂದು ನೇಮಕಾತಿ ಪತ್ರ ಓದಿಕೊಳ್ಳಲಿ. ಅದೂ ಅಮಾನತ್.

ಆ ತರುಣ ಅಂದೇ ಮೊಬೈಲಿನಲ್ಲಿ 14,000 ಕಟ್ಟಿದ. ಹೊರಗೆ ಬಂದು, "ಉಸ್ತಾದರೇ, ಈಗ ಕೈಯಲ್ಲಿ ಉಳಿದದ್ದಕ್ಕೆ ಝಕಾತ್ ಲೆಕ್ಕ ಹಾಕೋಣ" ಎಂದ. ಈ ರಮಝಾನಿನಲ್ಲಿ ಝಕಾತಿನ ಪುಸ್ತಕ ತೆರೆಯುವಾಗ ನೀವೂ ಪಕ್ಕದಲ್ಲಿ ಇನ್ನೊಂದು ಪುಟ ಬರೆಯಿರಿ. ಅರ್ಧ ಗಂಟೆಯ ಕೆಲಸ ಅಷ್ಟೇ.